ರೇವಮ್ಮನಿಗಾಗಿ ಕಟ್ಟಿದ ಗಾಡಿ

ಕರುಳಿನ ಆಪರೇಷನ್ ಆದ ಮೇಲೆ ರೇವಮ್ಮ ಬಟವಾಡಿಯ ಬಾಡಿಗೆ ಮನೆಯ ಹೊಸಿಲು ದಾಟದೆ ಎರಡು ವರ್ಷವಾಗಿತ್ತು. ಹೊಟ್ಟೆ ಹಿಡಿಯಿತೆಂದರೆ ಎರಡು ನಿಮಿಷವೂ ತಡೆಯಲು ಆಗುತ್ತಿರಲಿಲ್ಲ. ಗುಬ್ಬಿಯಾಚೆಯ ಸಿ.ಎಸ್. ಪುರದಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕ ಹನುಮಂತಮ್ಮ ಫೋನಿನಲ್ಲಿ, "ಒಂದ್ಸಲ ಬಂದು ಮಕ ತೋರ್ಸೋಗೇ" ಎಂದು ಅತ್ತಾಗ, "ಬರ್ತೀನಿ ಕಣಕ್ಕ" ಎಂದು ಸುಳ್ಳು ಹೇಳಿದ್ದಳು.

ಆ ಸುಳ್ಳನ್ನು ನಿಜ ಮಾಡಲು ಹೊರಟವನು ಗಂಡ ಅಂಜಿನಪ್ಪ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಕುಣಿಗಲ್‌ನಿಂದ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ತಂದ. ಹಿಂದಿನ ಸೀಟು ಕಿತ್ತು, ಪ್ಲೈವುಡ್ಡಿನ ಪುಟ್ಟ ಕೋಣೆ ಕಟ್ಟಿ, ಕ್ಯಾರವಾನ್‌ಗಳಲ್ಲಿ ಇರುವಂಥ ಕಮೋಡ್ ಕೂರಿಸಿದ. ಪೆಡಲ್ ಒತ್ತಿದರೆ ತಳದ ಮುಚ್ಚಳ ತೆರೆದು ಎಲ್ಲವೂ ಕೆಳಗಿನ ಟ್ಯಾಂಕಿಗೆ ಬೀಳುತ್ತಿತ್ತು. ಕಾಲು ತೆಗೆದರೆ ಮುಚ್ಚಿಕೊಂಡು, ಮೇಲೆ ನಿಲ್ಲುವ ನೀರು ವಾಸನೆ ತಡೆಯುತ್ತಿತ್ತು.

ಹೊರಡುವ ಎರಡು ದಿನ ಮೊದಲು ಆ ನೀರು ನಿಲ್ಲದೆ ಸೋರತೊಡಗಿತು. ಮುಚ್ಚಳದ ಸುತ್ತಲಿನ ರಬ್ಬರ್ ರಿಂಗ್ ಒಣಗಿತ್ತು. ಅಂಜಿನಪ್ಪ ಅವಸರದಲ್ಲಿ, ಕೈಗೆ ಸಿಕ್ಕ ಬೇರಿಂಗ್ ಗ್ರೀಸನ್ನೇ ಸವರಿದ. ನೀರು ನಿಂತಿತು. ಹೆಂಡತಿಯನ್ನು ಕರೆದು ತೋರಿಸಿದ. ಬಹಳ ದಿನಗಳ ಮೇಲೆ ಅವಳು ನಕ್ಕಳು.

ಭಾನುವಾರ ಬೆಳಿಗ್ಗೆ ಹೊರಟರು. ಗುಬ್ಬಿ ದಾಟಿದ ಮೇಲೆ ರೇವಮ್ಮ ನಾಲ್ಕನೇ ಸಲ ಎದ್ದು ಕೋಣೆಗೆ ಹೋದಳು. "ನಿಲ್ಲಿಸ್ಬ್ಯಾಡಿ, ಅಕ್ಕ ಕಾಯ್ತಿರ್ತಾಳೆ" ಎಂದಳು. ಮುಂದೊಂದು ಹಂಪ್ ಬಂತು. ಗಾಡಿ ಕುಲುಕಿತು. ಒಳಗಿನಿಂದ ಚೀರಿದ ಸದ್ದು.

ಅಂಜಿನಪ್ಪ ಗಾಡಿ ನಿಲ್ಲಿಸಿ ಓಡಿ ಬಂದು ಬಾಗಿಲು ತೆರೆದ. ಟ್ಯಾಂಕಿನ ಹೊಲಸು ಮೇಲಕ್ಕೆ ಚಿಮ್ಮಿ ಅವಳ ಸೀರೆ, ಕೈ, ನೆಲವನ್ನೆಲ್ಲ ಮೆತ್ತಿತ್ತು. ಬಗ್ಗಿ ನೋಡಿದರೆ ರಬ್ಬರ್ ಊದಿಕೊಂಡು ತಾನು ಕೂರುವ ಕಚ್ಚಿನಿಂದ ಎದ್ದು ಬಂದು, ಮುಚ್ಚಳ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬ್ರೇಕಿನ ರಬ್ಬರಿಗೆ ಗ್ರೀಸ್ ತಾಗಿಸಬೇಡಿ, ಊದಿಕೊಳ್ಳುತ್ತದೆ ಎಂದು ಡಿಪೋದಲ್ಲಿ ಹೊಸಬರನ್ನು ಬೈಯುತ್ತಿದ್ದವನು ಅವನೇ.

"ಇನ್ ಸ್ವಲ್ಪ ದೂರ ಅಷ್ಟೇ ಕಣೇ. ನೀರೈತೆ, ತೊಳ್ಕೊ. ಅಲ್ಲೋಗಿ ಬೇರೆ ಸೀರೆ ಉಟ್ಕೊಂಡ್ರಾಯ್ತು."

"ಈ ವಾಸ್ನೇಲಿ ಅಕ್ಕನ ಮುಂದೆ ಹೋಗಿ ನಿಂತ್ಕೊಳ್ಲಾ? ಬ್ಯಾಡ ಕಣ್ರೀ. ತಿರುಗ್ಸಿ."

ತಿರುಗಿಸಿದ.

ನಾಲ್ಕು ದಿನಕ್ಕೆ ಹೊಸ ರಿಂಗೂ ರಬ್ಬರನ್ನು ಊದಿಸದ ಸಿಲಿಕೋನ್ ಗ್ರೀಸೂ ಬಂದವು. ಅಂಜಿನಪ್ಪ ಟ್ಯಾಂಕ್ ತೊಳೆದು, ರಿಂಗ್ ಕೂರಿಸಿ, ನೀರು ತುಂಬಿ, ಊರಿನ ಹಂಪುಗಳ ಮೇಲೆಲ್ಲ ಗಾಡಿ ಓಡಿಸಿದ. ಒಂದು ಹನಿಯೂ ಹಾರಲಿಲ್ಲ.

"ಬಾರೇ, ನೀನೇ ನೋಡು" ಎಂದ.

"ಆ ಬಾಗ್ಲು ನೋಡುದ್ರೇ ಆವತ್ತಿನ್ ವಾಸ್ನೆ ಬಂದಂಗಾಯ್ತದೆ. ಬುಡಿ" ಎಂದಳು.

ದಾರಿಯಿಂದ ತಿರುಗಿ ಬಂದ ಒಂಬತ್ತನೆಯ ದಿನ ಹನುಮಂತಮ್ಮ ತೀರಿಕೊಂಡಳು. ರೇವಮ್ಮ ಸ್ನಾನ ಮಾಡಿ ಗಾಡಿಯವರೆಗೂ ಬಂದಳು. ಬಾಗಿಲಿನ ಹಿಡಿ ಹಿಡಿದಳು. ತೆಗೆಯದೆ ಕೈ ಬಿಟ್ಟಳು. ಮನೆಯೊಳಕ್ಕೆ ಹಿಂತಿರುಗಿ ಬಚ್ಚಲ ಚಿಲಕ ಹಾಕಿಕೊಂಡಳು. ಅವಳು ಅಳುವುದು ಬೀದಿಗೆ ಕೇಳುತ್ತಿತ್ತು. ಅಂಜಿನಪ್ಪ ಗಾಡಿಯನ್ನು ಅಲ್ಲೇ ಬಿಟ್ಟು ಒಬ್ಬನೇ ಬಸ್ಸು ಹಿಡಿದ.

ಸಿ.ಎಸ್. ಪುರದಲ್ಲಿ ಹನುಮಂತಮ್ಮನ ಮಗಳು ನಂದಿತಾ ಅವನ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದಳು.

"ಚಿಕ್ಕಮ್ಮ ಬರ್ಲಿಲ್ವಾ ಚಿಕ್ಕಪ್ಪ? ಅಮ್ಮ ಕೊನೇವರ್ಗೂ ಕೇಳ್ತಾನೇ ಇತ್ತು."

"ನನ್ನಿಂದ್ಲೇ ಅವ್ಳಿಗೆ ಬರಾಕಾಗ್ಲಿಲ್ಲ ಕಣವ್ವ" ಎಂದ ಅಂಜಿನಪ್ಪ.

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಯಾರೋ ಚಟ್ಟಕ್ಕೆ ಹೆಗಲು ಕೊಡಲು ಅವನನ್ನು ಕರೆದರು.