ಎರಡನೇ ಪರೀಕ್ಷೆ

ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಶಿವಕುಮಾರಿ ಮುಂಬಯಿಯ ಕಾಂದಿವಲಿಯಲ್ಲಿದ್ದಳು. ಕಲಬುರಗಿ ಜಿಲ್ಲೆಯ ಆಳಂದದ ಹತ್ತಿರದ ಊರಲ್ಲಿ ಅಜ್ಜಿಯ ಜೊತೆ ಇದ್ದು ಓದಿದವಳು, ರಜೆಗೆಂದು ತಂದೆತಾಯಿಯ ಬಳಿ ಬಂದಿದ್ದಳು. ಗಣಿತದಲ್ಲಿ ನಪಾಸಾಗಿದ್ದಳು.

ಮರುದಿನ ಅವ್ವ ಗುರುಬಾಯಿ ಅವಳನ್ನು ತಾನು ಅಡುಗೆ ಮಾಡುವ ಮನೆಗೆ ಕರೆದೊಯ್ದಳು. ಆ ಮನೆಯ ರಮಾಮಣಿ ಮೈಸೂರಿನವರು, ಮುಂಬಯಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊಬೈಲಿನಲ್ಲಿ ಫಲಿತಾಂಶದ ಸುದ್ದಿ ಓದುತ್ತಾ, ಕರಾವಳಿಯ ಜಿಲ್ಲೆಗಳು ಮೇಲಿವೆ, ಕಲಬುರಗಿ ಕಟ್ಟಕಡೆಗಿದೆ ಎಂದರು. ಹುಡುಗಿಯ ಮುಖ ನೋಡಿ, "ಬೇಜಾರು ಮಾಡ್ಕೋಬೇಡಮ್ಮ, ನಿಮ್ಮ ಕಡೆ ಇದು ಇದ್ದದ್ದೇ" ಎಂದು ಸಮಾಧಾನ ಹೇಳಿದರು.

ಶಿವಕುಮಾರಿಗೆ ನಪಾಸಾದದ್ದಕ್ಕಿಂತ ಈ ಸಮಾಧಾನವೇ ಹೆಚ್ಚು ಚುಚ್ಚಿತು.

"ದೀಪಾವಳಿ ಆದಮ್ಯಾಲ ನಮ್ಮ ಸಾಲ್ಯಾಗ ಗಣಿತ ಹೇಳವ್ರೇ ಇರಲಿಲ್ರಿ. ನೀವು ಕಲಿಸ್ರಿ. ನಪಾಸಾದವ್ರಿಗಿ ಇಡೋ ಎರಡನೇ ಪರೀಕ್ಷಾ ಬರೀತೀನಿ. ಆಗೂ ಬರಲಿಲ್ಲಂದ್ರ ಹಂಗ ಅನ್ರಿ."

ಗುರುಬಾಯಿ ಗಾಬರಿಯಿಂದ ಮಗಳ ತೋಳು ಜಗ್ಗಿದಳು. ರಮಾಮಣಿ ಮಾತ್ರ ಮೊಬೈಲು ಕೆಳಗಿಟ್ಟು, ನಾಳೆಯಿಂದಲೇ ಬಾ ಎಂದರು.

ಗಣಿತದ ಪುಸ್ತಕ ಊರಲ್ಲೇ ಉಳಿದಿತ್ತು. ಅದೇ ವಿಷಯದಲ್ಲಿ ನಪಾಸಾಗಿದ್ದ ಗೆಳತಿ ಭುವನೇಶ್ವರಿ ತನ್ನ ಪುಸ್ತಕದ ಪುಟಗಳ ಫೋಟೊ ಕಳಿಸಿದಳು. ಕನ್ನಡದ 'ಸಮಾಂತರ ಶ್ರೇಢಿ' ಎಂಬ ಪದ ನೋಡಿ ರಮಾಮಣಿ ತಡವರಿಸಿದರು. ಲೆಕ್ಕ ನೋಡಿದ ಕೂಡಲೇ ನಕ್ಕು ಪೆನ್ನು ಹಿಡಿದರು. ಶಿವಕುಮಾರಿ ಬಿಡಿಸಿದ ಲೆಕ್ಕ ಮತ್ತೆ ಮತ್ತೆ ತಪ್ಪುತ್ತಿತ್ತು. ಒಮ್ಮೆ ಅವಳು ಅತ್ತೇಬಿಟ್ಟಳು. ರಮಾಮಣಿ ನೀರು ಕೊಟ್ಟು, ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿಸಿದರು.

ಅಪ್ಪ ನಿಂಗಣ್ಣ ಕಟ್ಟಡದ ಕೆಲಸದವನು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಗಳಿಗೆ ಪ್ಯಾಕಿಂಗ್ ಕೆಲಸ ನೋಡಿದ್ದ. ತಡಮಾಡಿದರೆ ಅದು ಬೇರೆಯವರ ಪಾಲಾಗುತ್ತದೆ ಎಂದು ಸಿಟ್ಟಾದ.

"ಕೆಲಸ ಹೋದ್ರ ಇನ್ನೊಂದು ಸಿಗ್ತದಪ್ಪಾ," ಎಂದಳು ಶಿವಕುಮಾರಿ. "ಈಗ ಬಿಟ್ರ ನನ್ನ ಸಾಲಿ ಮುಗೀತು."

ನಿಂಗಣ್ಣ ಗೊಣಗುತ್ತಾ ಹೊರಗೆ ಹೋದ. ಆದರೆ ಪರೀಕ್ಷೆ ಹತ್ತಿರ ಬಂದಾಗ ಕೆಲಸಕ್ಕೆ ರಜೆ ಹಾಕಿ ತಾನೇ ಅವಳನ್ನು ರೈಲಿನಲ್ಲಿ ಊರಿಗೆ ಬಿಟ್ಟುಬಂದ.

ಅವಳು ಪಾಸಾದಳು. ಅಂಕ ಹೆಚ್ಚೇನೂ ಇರಲಿಲ್ಲ. ರಮಾಮಣಿಯವರು ಫೋನಿನಲ್ಲಿ ಖುಷಿಯಿಂದ, ಕಾಂದಿವಲಿಗೇ ಬಾ, ಇಲ್ಲಿ ಕಾಲೇಜಿಗೆ ಸೇರಿಸೋಣ ಎಂದರು.

ಶಿವಕುಮಾರಿ ಅಷ್ಟರಲ್ಲಿ ಆಳಂದದಲ್ಲೇ ಪಿಯುಸಿಗೆ ಸೇರಿದ್ದಳು. ಭುವನೇಶ್ವರಿ ಎರಡನೇ ಪರೀಕ್ಷೆಗೆ ಕೂತಿರಲಿಲ್ಲ, ಮನೆಯಲ್ಲಿ ಗಂಡು ನೋಡುತ್ತಿದ್ದರು. ಶಿವಕುಮಾರಿ ಅವಳ ಅಮ್ಮನ ಹತ್ತಿರ ಜಗಳವಾಡಿ, ಮೂರನೇ ಪರೀಕ್ಷೆಯವರೆಗೆ ಮದುವೆಯ ಮಾತು ಬೇಡವೆಂದು ಒಪ್ಪಿಸಿ ಬಂದಿದ್ದಳು.

"ಭುವಿಗಿ ಈಗ ನಾನೇ ಹೇಳಿಕೊಡ್ಲತ್ತೀನ್ರಿ," ಎಂದಳು ಫೋನಿನಲ್ಲಿ. "ತ್ರಿಕೋನಮಿತಿ ನನಗ ಇನ್ನಾ ಗಟ್ಟಿಯಿಲ್ಲ. ನೀವು ಐತವಾರ ವಿಡಿಯೋ ಕಾಲಿಗಿ ಬರ್ರಿ."

ರಮಾಮಣಿ ಎಷ್ಟು ಗಂಟೆಗೆ ಎಂದು ಕೇಳಿದರು.