ಮಹಡಿಯ ಮೇಲಿನ ರಸ್ತೆ

ಹನ್ನೊಂದು ತಿಂಗಳಿಂದ ಓಂಕಾರಮೂರ್ತಿ ಒಂದೇ ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದ. ಹದಿಮೂರು ಕಿಲೋಮೀಟರಿನ ಮಣ್ಣು ರಸ್ತೆ, ಎರಡೂ ಕಡೆ ಉದ್ದುದ್ದ ಮರ, ಮೂವತ್ತೊಂದು ತಿರುವು. ಆ ರಸ್ತೆ ಇರುವುದು ಯಾವುದೋ ಚಳಿ ದೇಶದಲ್ಲಿ. ಓಂಕಾರಮೂರ್ತಿ ಇರುವುದು ಚಳ್ಳಕೆರೆಯಲ್ಲಿ, ತನ್ನ ಎಣ್ಣೆ ಮಿಲ್ಲಿನ ಹಿಂದಿನ ಮನೆಯ ಮಹಡಿಯ ಮೇಲೆ, ದೊಡ್ಡ ಟೀವಿಯ ಎದುರು. ಕೆಳಗೆ ಶೇಂಗಾ ಹಿಂಡಿಯ ವಾಸನೆ, ಮೇಲೆ ಹಿಮ ಬೀಳುವ ಕಾಡು. ಇದನ್ನು ನೋಡೋಕೆ ಟಿಕೆಟ್ ಇಡಬಹುದು ಎಂದು ಮೆಕ್ಯಾನಿಕ್ ಇಫ್ತಿಕಾರ್ ನಗುತ್ತಿದ್ದ. ನಗುವವನೇ ಆ ವಿಡಿಯೋ ಆಟಕ್ಕೆ ಸೀಟು ಕಟ್ಟಿಕೊಟ್ಟವನು.

ಹುಚ್ಚು ಇಬ್ಬರದ್ದೂ. ಹದಿನೈದು ವರ್ಷ ಇಬ್ಬರೂ ಒಂದು ಹಳೇ ಜಿಪ್ಸಿ ಜೀಪು ಕಟ್ಟಿಕೊಂಡು ದುರ್ಗ, ದಾವಣಗೆರೆ, ಬಳ್ಳಾರಿ ಎನ್ನದೆ ಮಣ್ಣಿನ ರೇಸು ನಡೆದಲ್ಲೆಲ್ಲ ಹೋಗಿ ಧೂಳು ಕುಡಿದು ಬಂದವರು. ಓಂಕಾರಮೂರ್ತಿ ಓಡಿಸುವವನು, ಇಫ್ತಿಕಾರ್ ಎಡಗಡೆ ಕೂತು ಮುಂದೆ ಬರುವ ತಿರುವು ಕೂಗಿ ಹೇಳುವವನು. ಗೆದ್ದದ್ದು ಒಂದೇ ಸಲ, ಅದೂ ಮೂರನೇ ಬಹುಮಾನ. ಆ ವರ್ಗದಲ್ಲಿ ಇದ್ದದ್ದೇ ನಾಲ್ಕು ಗಾಡಿ ಎಂಬುದನ್ನು ಇಬ್ಬರೂ ಊರಲ್ಲಿ ಬಾಯಿ ಬಿಟ್ಟಿರಲಿಲ್ಲ. ಒಬ್ಬ ಮಿಲ್ಲಿನ ಸಾಹುಕಾರ, ಇನ್ನೊಬ್ಬ ಗ್ಯಾರೇಜಿನವನು. ಜಿಪ್ಸಿಯೊಳಗೆ ಕೂತರೆ ಆ ಭೇದ ಯಾರಿಗೂ ನೆನಪಾಗುತ್ತಿರಲಿಲ್ಲ.

ಹೋದ ವರ್ಷ ಓಂಕಾರಮೂರ್ತಿ ರಾಂಪುರದ ಹೊಲದಿಂದ ಒಬ್ಬನೇ ಬರುತ್ತಿದ್ದಾಗ ದಾರಿಯ ಹಾನಗಲ್ ಹಳ್ಳಿ ದಾಟಿದ ಮೇಲೆ ಸ್ಮೃತಿ ತಪ್ಪಿತು. ಜಿಪ್ಸಿ ರಸ್ತೆ ಬಿಟ್ಟು ಶೇಂಗಾ ಹೊಲಕ್ಕೆ ನುಗ್ಗಿ ಎರಡು ಕುರಿ ಸತ್ತವು. ಕುರಿ ಕಾಯುತ್ತಿದ್ದ ಯರ್ರಮ್ಮ ಎಂಬ ಮುದುಕಿ ಎರಡೇ ಮಾರು ದೂರದಲ್ಲಿದ್ದಳು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಹೊಲದವರು ಅವನ ಮುಷ್ಟಿಯೊಳಗೆ ಜಿಪ್ಸಿಯ ಕೀಲಿಯನ್ನೇ ಇಟ್ಟರು. ಎಚ್ಚರವಾದ ಮೇಲೆ ಹೆಂಡತಿ ಗಂಗಾಂಬಿಕಾ ಅದನ್ನು ಕಿತ್ತುಕೊಂಡು ಇಫ್ತಿಕಾರನ ಕೈಗೆ ಕೊಟ್ಟಳು. ದುರ್ಗದ ಡಾಕ್ಟರಮ್ಮ ಗುಳಿಗೆ ಬರೆದು, ‘ಒಂದು ವರ್ಷ ಒಂದೂ ಫಿಟ್ಸ್ ಬರದಿದ್ದರೆ ಗಾಡಿ ಓಡಿಸುವ ಮಾತು ಆಡೋಣ’ ಎಂದರು.

ಆ ಒಂದು ವರ್ಷ ಕಳೆಯಲಿ ಎಂದೇ ಈ ಆಟ ಬಂದದ್ದು. ಸ್ಟೇರಿಂಗು, ಪೆಡಲು, ಗೇರು ಎಲ್ಲ ಇರುವ ಸೆಟ್ಟನ್ನು ತರಿಸಿದ. ಇಫ್ತಿಕಾರ್ ಕಬ್ಬಿಣದ ಪಟ್ಟಿ ಬೆಸೆದು, ಗುಜರಿ ಜಿಪ್ಸಿಯ ಸೀಟು ಕೂರಿಸಿದ. ಆಟದಲ್ಲೂ ನಿಜದ ಗಾಡಿಯಂತೆಯೇ ಇಳಿಜಾರಲ್ಲಿ ಜಾಸ್ತಿ ತುಳಿದರೆ ಬ್ರೇಕು ಸೋಲುತ್ತದೆ, ಜಲ್ಲಿಯ ಮೇಲೆ ಹೋದರೆ ಸ್ಟೇರಿಂಗು ಕೈಯಲ್ಲಿ ನಡುಗುತ್ತದೆ, ಟೈರು ಸವೆದರೆ ಗಾಡಿ ಹಿಂದೆ ಜಾರುತ್ತದೆ.

“ಇದು ಆಟ ಅಲ್ಲಲೇ ಇಫ್ತೂ, ಗಾಡಿನೇ ಐತೆ. ಪೆಟ್ರೋಲ್ ವಾಸ್ನೆ ಒಂದ್ ಇಲ್ಲ, ಅಷ್ಟೇ,” ಎಂದು ಓಂಕಾರಮೂರ್ತಿ ಕೊರಗಿದಾಗ, ಇಫ್ತಿಕಾರ್ ಗ್ಯಾರೇಜಿನಿಂದ ಪೆಟ್ರೋಲು ಮೆತ್ತಿದ ಬಟ್ಟೆ ತಂದು ಟೀವಿಯ ಕೆಳಗಿಟ್ಟ. ಗಂಗಾಂಬಿಕಾ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದಳು.

ಆಟದಲ್ಲಿ ರಸ್ತೆಗಳು ನಲವತ್ತಿದ್ದವು. ಓಂಕಾರಮೂರ್ತಿ ಹಿಡಿದದ್ದು ಒಂದನ್ನೇ.

“ಒಂದ್ ಸಿನಿಮಾನ ಎರಡ್ನೇ ಸಲ ನೋಡಾಕೆ ಬೇಜಾರಾಗ್ತೈತೆ. ಸಾವ್ರ ಸಲ ಅದೇ ರಸ್ತೆ, ಅದೇ ಮರ. ಏನೈತ್ರಿ ಅದ್ರಾಗೆ?” ಎಂದು ಗಂಗಾಂಬಿಕಾ ಕೇಳಿದರೆ, “ದಿನಾ ಅದೇ ಮುದ್ದೆ ಉಣ್ತೀಯಲ್ಲ, ಬೇಜಾರಾಗೈತಾ?” ಎನ್ನುತ್ತಿದ್ದ. ನಿಜ ಏನೆಂದರೆ, ವಾರಕ್ಕೊಮ್ಮೆಯಾದರೂ ಅವನು ಅರೆ ಸೆಕೆಂಡು ಉಳಿಸುತ್ತಿದ್ದ. ಹಾಗೆ ಉಳಿಸುವಷ್ಟು ದಿನ ತಾನಿನ್ನೂ ಡ್ರೈವರೇ ಎಂಬ ನಂಬಿಕೆ ಅವನದು. ಇಫ್ತಿಕಾರನಿಗೆ ಅದು ಗೊತ್ತಿತ್ತು. ಅದಕ್ಕೇ ಪ್ರತಿ ಭಾನುವಾರ ತನ್ನ ಶೆಡ್ಡಿನಲ್ಲಿದ್ದ ಜಿಪ್ಸಿಯನ್ನು ಚಾಲೂ ಮಾಡಿ ಬ್ಯಾಟರಿ ಸಾಯದಂತೆ ನೋಡಿಕೊಂಡಿದ್ದ.

ಹತ್ತನೇ ತಿಂಗಳಲ್ಲಿ ದೂರು ಶುರುವಾಯಿತು. “ಸ್ಟೇರಿಂಗ್ ಹಿಡ್ಕಂತೈತಲೇ. ನಾನು ತಿರುಗಿಸ್ತೀನಿ, ಅದು ತಿರುಗಲ್ಲ. ನೋಡ್ತಾ ನೋಡ್ತಾನೇ ಮರದಾಗೆ ಹೋಗಿರ್ತೀನಿ.”

‘ಗಿರಾಕಿ ಹೇಳಿದ್ದನ್ನು ಮೊದಲು ನಂಬು, ಆಮೇಲೆ ಗಾಡಿ ಬಿಚ್ಚು’ ಎಂಬುದು ಇಫ್ತಿಕಾರನಿಗೆ ಅವನ ಅಪ್ಪ ಖುದ್ದೂಸ್ ಸಾಹೇಬರು ಕಲಿಸಿದ ಮೊದಲ ಪಾಠ. ಇಫ್ತಿಕಾರ್ ನಂಬಿದ, ಬಿಚ್ಚಿದ. ಧೂಳು ಊದಿದ, ವೈರು ಬದಲಿಸಿದ, ಬೆಲ್ಟು ಬಿಗಿದ. ವಾರ ಕಳೆಯಿತು, ಮತ್ತೆ ಅದೇ ದೂರು. ಮತ್ತೆ ಬಿಚ್ಚಿದ. ಮೂರನೇ ಸಲ ಬಿಚ್ಚುವಾಗ ಅವನ ಮಾನವೇ ಹೋದಂತಾಗಿತ್ತು. ಲಾರಿಯ ಗೇರ್‌ಬಾಕ್ಸಿನ ಕಾಯಿಲೆಯನ್ನು ಸದ್ದಿನಲ್ಲೇ ಹೇಳುವ ತಾನು ಒಂದು ಆಟದ ಸಾಮಾನಿಗೆ ಸೋಲುವುದೇ?

“ಅದ್ರಲ್ಲಿ ಏನೂ ತಪ್ಪಿಲ್ಲ ಅಬ್ಬಾ,” ಎಂದು ಅಪ್ಪನ ಹತ್ತಿರ ಒಪ್ಪಿಕೊಂಡ.

ಖುದ್ದೂಸ್ ಸಾಹೇಬರು ಚಹಾದ ಲೋಟದಿಂದ ತಲೆಯೆತ್ತಲಿಲ್ಲ. “ಗಾಡೀಲಿ ತಪ್ಪಿಲ್ಲ ಅಂದ್ರೆ ಓಡಿಸೋನ ಪಕ್ಕದಲ್ಲಿ ಕೂತು ನೋಡು ಬೇಟಾ.”

ಭಾನುವಾರ ಮಧ್ಯಾಹ್ನ ಇಫ್ತಿಕಾರ್ ಮಹಡಿ ಹತ್ತಿ, ಪ್ಲಾಸ್ಟಿಕ್ ಕುರ್ಚಿ ಎಳೆದು ಎಡಗಡೆ ಕೂತ. ಹಳೇ ಚಟಕ್ಕೆ ತಿರುವು ಕೂಗತೊಡಗಿದ. ಓಂಕಾರಮೂರ್ತಿ ಖುಷಿಯಲ್ಲಿದ್ದ. ಗುರುವಾರಕ್ಕೆ ವರ್ಷ ತುಂಬುತ್ತದೆ, ಗಾಡಿ ಓಡಿಸಬಹುದೆಂದು ಡಾಕ್ಟರಮ್ಮ ಚೀಟಿ ಬರೆದುಕೊಡುತ್ತಾರೆ. “ಶುಕ್ರವಾರ ಜಿಪ್ಸಿ ತಂದ್ಬಿಡು. ಶಿಲ್ಪಾನ ಪಕ್ಕದಾಗೆ ಕೂರಿಸ್ಕಂಡು ರಾಂಪುರಕ್ಕೆ ಹೋಗ್ತೀನಿ. ಹತ್ತು ವರ್ಷದ ಮಗೀಗೆ ಅಪ್ಪ ಗಾಡಿ ಓಡಿಸೋದು ಮರ್ತೇಹೋಗೈತೆ.” ಒಂದು ಸುತ್ತು ಮುಗಿಯಿತು, ಎರಡಾಯಿತು. ಐದನೆಯದರಲ್ಲಿ ಇಫ್ತಿಕಾರ್ “ಬಲಕ್ಕೆ ಗಟ್ಟಿ ತಿರುವು” ಎಂದು ಕೂಗಿದ. ಗೇರು ಇಳಿಯಲಿಲ್ಲ.

ತಿರುಗಿ ನೋಡಿದ. ಓಂಕಾರಮೂರ್ತಿಯ ಕಣ್ಣು ತೆರೆದೇ ಇತ್ತು. ನೋಟ ಟೀವಿಯ ಮೇಲಿದ್ದರೂ ಅವನು ನೋಡುತ್ತಿರಲಿಲ್ಲ. ತುಟಿ ಏನನ್ನೋ ಚಪ್ಪರಿಸುತ್ತಿತ್ತು. ಎಡಗೈ ಸ್ಟೇರಿಂಗು ಬಿಟ್ಟು ಅಂಗಿಯ ಗುಂಡಿಯನ್ನು ಕೆದಕುತ್ತಿತ್ತು, ಬಲಗೈ ಕಟ್ಟಿಹಾಕಿದಂತೆ ಇದ್ದಲ್ಲೇ ಇತ್ತು, ಕಾಲು ಪೆಡಲನ್ನು ಪೂರ್ತಿ ಒತ್ತಿತ್ತು. ಕಾರು ನೆಟ್ಟಗೆ ಹೋಗಿ ಮರಕ್ಕೆ ಬಡಿಯಿತು. ಬಡಿದ ಮೇಲೂ ಇಂಜಿನ್ನು ಒಂದೇ ಸಮ ಕಿರುಚುತ್ತಿತ್ತು.

ಇಪ್ಪತ್ತು ಸೆಕೆಂಡಿನ ಮೇಲೆ ಅವನು ತಿರುಗಿ ಬಂದ. ಕಣ್ಣು ಮಿಟುಕಿಸಿ, ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟ. “ನೋಡಿದ್ಯಾ? ಮತ್ತೆ ಹಿಡ್ಕಂತು!”

ಮೂರ್ಛೆ ಎಂದರೆ ಬೀಳುವುದು, ಒದ್ದಾಡುವುದು, ಬಾಯಲ್ಲಿ ನೊರೆ ಎಂದಷ್ಟೇ ಊರಿಗೆ ಗೊತ್ತು. ಕೂತಲ್ಲೇ, ಸದ್ದಿಲ್ಲದೆ ಒಬ್ಬ ಮನುಷ್ಯ ಇಲ್ಲವಾಗಿ ಮತ್ತೆ ಬರುವುದನ್ನು ಇಫ್ತಿಕಾರ್ ಕಂಡಿರಲಿಲ್ಲ.

“ಹೂಂ ಅಣ್ಣ, ನೋಡಿದೆ,” ಎಂದ. “ಗ್ಯಾರೇಜಿಗೆ ತಗಂಡ್ ಹೋಗಿ ರಿಪೇರಿ ಮಾಡ್ತೀನಿ.” ಸರಿಯಾಗಿದ್ದ ಸ್ಟೇರಿಂಗನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ. ಹೇಡಿತನ ಅಂದರೆ ಹೇಡಿತನವೇ, ಅವನೇ ಅದಕ್ಕೆ ಬೇರೆ ಹೆಸರು ಕೊಡಲಿಲ್ಲ.

ಮಂಗಳವಾರ ಬೆಳಗ್ಗೆ ಓಂಕಾರಮೂರ್ತಿ ಮಾರುಕಟ್ಟೆಗೆ ಹೋಗಿದ್ದ ಹೊತ್ತಿಗೆ ಇಫ್ತಿಕಾರ್ ಬಂದು ಸ್ಟೇರಿಂಗು ಕೂರಿಸಿದ. ಓಡಿಸಿದ್ದನ್ನೆಲ್ಲ ಆ ಆಟ ಹಿಡಿದಿಟ್ಟುಕೊಳ್ಳುತ್ತದೆ. ಬೇಕೆಂದಾಗ ರೀಪ್ಲೇ ಹಾಕಿ ಡ್ರೈವರನ ಕಣ್ಣಿನಿಂದಲೇ ಮತ್ತೆ ನೋಡಬಹುದು. ತನ್ನ ಕಣ್ಣು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ಇಫ್ತಿಕಾರ್ ಹಿಂದಿನ ಒಂದೂವರೆ ತಿಂಗಳಿನದನ್ನು ಒಂದೊಂದಾಗಿ ತೆರೆದ. ಟೀವಿಯೊಳಗೆ ಕೈಗವಸು ತೊಟ್ಟ ಎರಡು ಕೈ, ಸ್ಟೇರಿಂಗು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಎಷ್ಟು ಚೆಂದ ಓಡಿಸುತ್ತಿದ್ದ! ಆಮೇಲೆ ಎಲ್ಲೋ ಒಂದು ಕಡೆ ಆ ಕೈ ನಿಂತುಬಿಡುತ್ತಿತ್ತು. ಹದಿನೈದು, ಇಪ್ಪತ್ತು ಸೆಕೆಂಡು. ಒಂಬತ್ತು ಸಲ ಸಿಕ್ಕಿತು.

ಒಂಬತ್ತನೆಯದು ಓಡುತ್ತಿರುವಾಗ ಬಾಗಿಲಲ್ಲಿ ಓಂಕಾರಮೂರ್ತಿ ನಿಂತಿದ್ದ.

“ರಿಪೇರಿ ಆಯ್ತೇನಲೇ?”

“ಸ್ಟೇರಿಂಗ್‌ದು ಏನೂ ತಪ್ಪಿಲ್ಲ ಅಣ್ಣ.” ಇಫ್ತಿಕಾರ್ ಎದ್ದು ನಿಂತ. “ಭಾನುವಾರ ನಿನ್ ಮಖ ನೋಡಿದೆ. ತುಟಿ ಚಪ್ಪರಿಸ್ತಿದ್ದೆ. ಎಡಗೈಯಾಗೆ ಗುಂಡಿ ಹಿಂಗೆ ಹಿಂಗೆ ಮಾಡ್ತಿದ್ದೆ. ತಿರುವು ಕೂಗಿದ್ರೂ ಕೇಳ್ತಿರಲಿಲ್ಲ. ನೀನು ಇರಲೇ ಇಲ್ಲ ಅಣ್ಣ.”

ಓಂಕಾರಮೂರ್ತಿಯ ಕೈ ತಾನಾಗಿ ಅಂಗಿಯ ಎರಡನೇ ಗುಂಡಿಗೆ ಹೋಯಿತು. ಅದು ಹೋದ ವಾರವಷ್ಟೇ ಕಿತ್ತುಬಂದಿತ್ತು, ಗಂಗಾಂಬಿಕಾ ಹೊಲಿದುಕೊಟ್ಟಿದ್ದಳು. ಟೀವಿಯಲ್ಲಿ ಕೈಗಳು ನಿಂತಿದ್ದವು, ಕಾರು ಮರದ ಕಡೆ ಹೋಗುತ್ತಿತ್ತು. ಅವನು ಕೂತು ನೋಡಿದ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ನಾಲ್ಕು ಸಲ ನೋಡಿದ.

“ಇದು ಆಟ ಕಣಲೇ,” ಎಂದ ಕೊನೆಗೆ. “ಮಕ್ಕಳ ಸಾಮಾನು. ಕೂತಲ್ಲೇ ಕೂತ್ರೆ ಯಾರಿಗಾದ್ರೂ ಮಂಕು ಬರ್ತೈತೆ. ನಿಜವಾದ ಗಾಡೀಲಿ ಗಾಳಿ ಬರ್ತೈತೆ, ಭಯ ಇರ್ತೈತೆ, ಎಚ್ಚರ ಇರ್ತೈತೆ. ಇದಕ್ಕೂ ಅದಕ್ಕೂ ಸಂಬಂಧನೇ ಇಲ್ಲ.”

ಹನ್ನೊಂದು ತಿಂಗಳು ಇದು ಗಾಡಿಯೇ ಎಂದು ವಾದಿಸಿದವನು ಈಗ ಆಟ ಎನ್ನುತ್ತಿದ್ದ. ಆಟ ಎಂದು ಗೇಲಿ ಮಾಡುತ್ತಿದ್ದವನ ಬಾಯಲ್ಲೇ ಉಲ್ಟಾ ಮಾತು ಬರಬೇಕಾಯಿತು. “ಇದೂ ಗಾಡಿನೇ ಅಣ್ಣ. ನೀನೇ ಹೇಳ್ತಿದ್ದೆ.”

“ಗುರುವಾರ ಬಾಯಿ ಬಿಡಬೇಡ.” ಓಂಕಾರಮೂರ್ತಿಯ ದನಿ ಒಡೆದಿತ್ತು. ಹದಿನೈದು ವರ್ಷದಲ್ಲಿ ಇಫ್ತಿಕಾರ್ ಆ ದನಿ ಕೇಳಿರಲಿಲ್ಲ. “ಒಂದ್ ಹೊತ್ತು ಗುಳಿಗೆ ತಪ್ಪಿಸಿಲ್ಲ. ಒಂದ್ ಮದುವೆಗೂ ಹೋಗಿಲ್ಲ, ನಿದ್ದೆ ಕೆಡ್ತೈತಂತ. ಊರಾಗೆ ಹೆಂಗಸ್ರು ಮಕ್ಳು ಸ್ಕೂಟಿ ಓಡಿಸ್ತಾರೆ, ನಾನು ಆಟೋದಾಗೆ ಹಿಂದೆ ಕೂತ್ಕಂಡು ಹಿಂಡಿ ವ್ಯಾಪಾರಕ್ಕೆ ಹೋಗ್ತೀನಿ. ಇದೊಂದು ನಡೆಸ್ಕೊಡು.”

ಇಫ್ತಿಕಾರ್ ಟೀವಿ ಆರಿಸಿ ಮೆಟ್ಟಿಲಿಳಿದ. ಅದನ್ನು ಓಂಕಾರಮೂರ್ತಿ ಒಪ್ಪಿಗೆ ಎಂದುಕೊಂಡ.

ಗುರುವಾರ ಮನೆಯ ಕಾರು ಇಫ್ತಿಕಾರನೇ ಓಡಿಸಿದ. ಓಂಕಾರಮೂರ್ತಿ ಎಂದಿನಂತೆ ಮುಂದೆ ಅವನ ಪಕ್ಕ ಕೂತು, ಲಾರಿ ಹಿಂದಿಕ್ಕುವಾಗೆಲ್ಲ “ಈಗ ಹಾಕು, ಈಗ ಹಾಕು” ಎಂದು ಹುರಿದುಂಬಿಸಿದ. ಹಿಂದೆ ಗಂಗಾಂಬಿಕಾ ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡಿದ್ದಳು, ಡಾಕ್ಟರಮ್ಮನಿಗೆ ಕೊಡಲು.

ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಒಳಗೆ ಹೋದರು. ಇಫ್ತಿಕಾರ್ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಏನಾದ್ರೂ ಬಂದಿತ್ತಾ ಈ ವರ್ಷ?” ಡಾಕ್ಟರಮ್ಮ ಕೇಳಿದರು.

“ಒಂದ್ ಸಲಾನೂ ಇಲ್ಲ ಮೇಡಂ. ದೇವ್ರು ಕಣ್ ಬಿಟ್ಟ,” ಎಂದಳು ಗಂಗಾಂಬಿಕಾ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮಟ್ಟಿಗೆ ಗಂಡ ಬಿದ್ದಿರಲಿಲ್ಲ.

ಕಾಗದ ಎಳೆದುಕೊಂಡ ಸದ್ದಾಯಿತು. ಇಫ್ತಿಕಾರನ ಕಣ್ಣ ಮುಂದೆ ಜಿಪ್ಸಿಯ ಎಡ ಸೀಟು ಬಂತು, ಅಲ್ಲಿ ಕಾಲು ಅಲ್ಲಾಡಿಸುತ್ತ ಕೂತ ಶಿಲ್ಪಾ. ಎದ್ದ, ಬಾಗಿಲು ತಳ್ಳಿದ.

“ಬಂದೈತೆ ಮೇಡಂ. ಒಂಬತ್ತು ಸಲ.”

ಆಮೇಲಿನದೆಲ್ಲ ಅವನು ಗ್ಯಾರೇಜಿನಲ್ಲಿ ಗಾಡಿಯ ಕಾಯಿಲೆ ಹೇಳುವಂತೆಯೇ ಹೇಳಿದ. ಆಟದ ರೀಪ್ಲೇ, ತುಟಿ, ಗುಂಡಿ, ಎಷ್ಟು ಸೆಕೆಂಡು, ಯಾವ ಕೈ. ಓಂಕಾರಮೂರ್ತಿಯ ಮುಖ ನೋಡಿದ್ದರೆ ಮಾತು ಮುಗಿಯುತ್ತಿರಲಿಲ್ಲ, ಆದ್ದರಿಂದ ನೋಡಲಿಲ್ಲ. ಗಂಗಾಂಬಿಕಾ ಸೆರಗನ್ನು ಬಾಯಿಗೆ ಹಿಡಿದಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು.

“ಇದೂ ಫಿಟ್ಸೇ,” ಎಂದರು. “ಗುಳಿಗೆ ಕೇಳ್ತಿಲ್ಲ ಅಂತಾಯ್ತು. ಬೇರೆ ಕೊಡ್ತೀನಿ, ಸ್ಕ್ಯಾನ್ ಮಾಡಿಸೋಣ. ಆದರೆ ಗಾಡಿ ಆಸೆ ಬಿಟ್ಟುಬಿಡಿ ಓಂಕಾರಮೂರ್ತಿ. ನಿಮಗೆ ಸುಳ್ಳು ಭರವಸೆ ಕೊಡಲ್ಲ.”

“ಆಟ?” ಎಂದ ಓಂಕಾರಮೂರ್ತಿ.

“ಆಡಿ. ಅಲ್ಲಿ ಯಾರೂ ಸಾಯಲ್ಲ.”

ಮರಳುವಾಗ ಅವನು ಹಿಂದಿನ ಸೀಟಿನಲ್ಲಿ ಕೂತ. ಮುಂದಿನ ಸೀಟಿನಲ್ಲಿ ಕೊಡದೇ ಉಳಿದ ಹಣ್ಣಿನ ಚೀಲವಿತ್ತು. ದುರ್ಗದಿಂದ ಚಳ್ಳಕೆರೆಯವರೆಗೂ ಎಷ್ಟೋ ಲಾರಿ ಸಿಕ್ಕವು, ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಗಂಗಾಂಬಿಕಾ ಒಂದೆರಡು ಸಲ ಮೂಗೆಳೆದುಕೊಂಡಳು, ಅಷ್ಟೇ. ತಾನು ಮಾಡಿದ್ದು ಸರಿ ಎಂದು ಇಫ್ತಿಕಾರನಿಗೆ ಗೊತ್ತಿತ್ತು. ಸರಿ ಮಾಡಿದವನಿಗೆ ಇಷ್ಟು ಸಂಕಟವಾಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಮನೆ ಮುಂದೆ ಕಾರು ನಿಂತಾಗ ಗಂಗಾಂಬಿಕಾ ಇಳಿದು ಒಳಗೆ ಹೋದಳು. ಓಂಕಾರಮೂರ್ತಿ ಇಳಿಯಲಿಲ್ಲ. ಇಂಜಿನ್ನು ಆರಿಸಿ ಇಫ್ತಿಕಾರ್ ಕನ್ನಡಿಯಲ್ಲಿ ಅವನನ್ನು ನೋಡಿದ. ಬೈದರೆ ಸಾಕು, ಹೊಡೆದರೆ ಇನ್ನೂ ಒಳ್ಳೆಯದು ಎನಿಸಿತು.

“ಒಂದ್ ದಿನ ಸುಮ್ಕಿದ್ದಿದ್ರೆ,” ಎಂದ ಓಂಕಾರಮೂರ್ತಿ ಮೆಲ್ಲಗೆ, “ನಾಳೆ ಒಂದ್ ದಿನ ಆದ್ರೂ ಓಡಿಸ್ತಿದ್ದೆ.”

“ಶಿಲ್ಪಾ ಪಕ್ಕದಾಗೆ ಇರ್ತಿದ್ಲು ಅಣ್ಣ.”

“ಗೊತ್ತು,” ಎಂದ ಓಂಕಾರಮೂರ್ತಿ.

ಬಾಗಿಲು ತೆಗೆದು ಇಳಿದು, ಮಗಳು ಓಡಿ ಬರುವಷ್ಟರಲ್ಲಿ ಅವಳನ್ನು ನೋಡದೆ ಮಹಡಿ ಮೆಟ್ಟಿಲು ಹತ್ತಿ ಹೋದ. ಇಫ್ತಿಕಾರ್ ಕಾರಿನ ಕೀಲಿಯನ್ನು ಆ ಮಗುವಿನ ಕೈಗೆ ಕೊಟ್ಟು, ನಡೆದೇ ಗ್ಯಾರೇಜಿಗೆ ಹೋದ.