ಕಾಡು ನೋಡುವ ದಿನ

ನಾವಿಬ್ಬರೂ ಕಾಡಿನಲ್ಲಿ ನಡೆಯುವಾಗ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ದಿನಕ್ಕೊಬ್ಬರು ದಾರಿ ನೋಡಬೇಕು, ಇನ್ನೊಬ್ಬರು ಕಾಡು ನೋಡಬಹುದು. ದಾರಿಯ ಸರದಿಯವರು ಮರಗಳಿಗೆ ಬಳಿದ ಕೆಂಪು ಪಟ್ಟಿಗಳನ್ನು ಹುಡುಕುತ್ತಾ ಹೋಗಬೇಕು. ಕಾಡಿನ ಸರದಿಯವರು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾ ಬಂದರೂ ಯಾರೂ ಕೇಳುವಂತಿಲ್ಲ. ಮರುದಿನ ಅದಲು ಬದಲು. ಮಧ್ಯಾಹ್ನ ಊಟಕ್ಕೆ ಕೂರುವವರೆಗೆ ಮಾತಿಲ್ಲ. ಸರದಿ ನನ್ನ ಹೆಂಡತಿಯ ಯೋಚನೆ, ಮಾತಿಲ್ಲದ್ದು ನನ್ನ ಷರತ್ತು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಾನು ಎರಡು ಡಿಗ್ರಿ ಮುಗಿಸಿ, ಮನೆಯಲ್ಲಿ ಕೂತು ಬೇರೆಯವರ ಪುಸ್ತಕಗಳ ಕರಡು ತಿದ್ದುವವನು. ಕಾಲೇಜಿನಲ್ಲಿ ಹಿಂದುಮುಂದಿನ ಬೆಂಚಿನವರಾದ್ದರಿಂದ ಒಬ್ಬರಿಗೊಬ್ಬರು ನೀನು ಎನ್ನುತ್ತೇವೆ. ಬೈಯುವಾಗ ಮಾತ್ರ ಅವಳು ನನ್ನನ್ನು ‘ಪಂಡಿತರೇ’ ಎಂದು ಬಹುವಚನಕ್ಕೆ ಏರಿಸುತ್ತಾಳೆ.

ಹನ್ನೆರಡು ದಿನದ ರಜೆ ಅವಳಿಗೆ ಸಿಕ್ಕಿತ್ತು. ಮೊದಲ ಆರು ದಿನ ಕಡಲ ದಂಡೆಯ ಉದ್ದಕ್ಕೂ ನಡೆದೆವು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಪ್ಪಲಿ. ನೀರು ಆಗಷ್ಟೇ ಬಿಟ್ಟುಹೋದ ಮರಳು ಗಟ್ಟಿ, ಅದರ ಮೇಲೆ ನಡೆದರೆ ಮೀನಖಂಡ ನೋಯುವುದಿಲ್ಲ ಎಂದು ಎರಡನೆಯ ದಿನವೇ ಕಂಡುಕೊಂಡವಳು ಅವಳು. ಏಡಿಗಳು ಬಿಲದಿಂದ ಮರಳಿನ ಸಣ್ಣ ಸಣ್ಣ ಉಂಡೆ ಹೊರಹಾಕಿ ದಂಡೆಯ ತುಂಬ ಚಿತ್ತಾರ ಬಿಡಿಸಿದ್ದರೆ, ಅದನ್ನು ತುಳಿಯದೆ ದೂರದಿಂದ ಸುತ್ತಿ ಬರುತ್ತಿದ್ದಳು. ನಾನು ಕಡಲು ನೋಡಿದ್ದಕ್ಕಿಂತ ಹೆಚ್ಚಾಗಿ ಅವಳು ಕಡಲನ್ನು ನೋಡುವುದನ್ನು ನೋಡಿದೆ.

ಆರನೆಯ ಸಂಜೆ ಉಳಿದುಕೊಂಡ ಲಾಡ್ಜಿನ ಕೋಣೆಯಲ್ಲಿ ಕಿಟಕಿಯ ಚಿಲಕವನ್ನು ಉಪ್ಪು ತಿಂದುಹಾಕಿತ್ತು. ಕನ್ನಡಿಯ ಅಂಚು ಕಪ್ಪಾಗಿತ್ತು. ಅವಳು ಮಂಚದಿಂದ ಬಾಗಿಲಿಗೆ ಹಗ್ಗ ಕಟ್ಟಿ ಕಾಲುಚೀಲ ಹಿಂಡಿ ಹಾಕುತ್ತಿದ್ದಳು. ಎಷ್ಟೋ ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ.

“ನೀನು ಕೆಲಸ ಬಿಟ್ಟುಬಿಡು. ಒಂದು ವರ್ಷ ಹೀಗೇ ನಡೀತಾ ಇರೋಣ. ಆಗುತ್ತಾ?”

ಅವಳು ಏನೋ ಹೇಳಲು ಬಾಯಿ ತೆರೆದವಳು ಕಾಲುಚೀಲವನ್ನು ಇನ್ನೊಮ್ಮೆ ಹಿಂಡಿದಳು. “ವಾಪಸ್ ಹೋಗೋ ದೋಣಿ ಹತ್ತೋವಾಗ ಹೇಳ್ತೀನಿ.”

ಆಮೇಲಿನ ಆರು ದಿನ ನನಗೆ ಆ ಉತ್ತರದ್ದೇ ಚಿಂತೆ. ಕೇಳಿದರೆ ‘ಬೇಡ’ ಎಂದುಬಿಟ್ಟಾಳು ಎಂದು ಮತ್ತೆ ಕೇಳಲಿಲ್ಲ.

ಏಳನೆಯ ದಿನ ಒಬ್ಬ ಹೆಂಗಸು ತನ್ನ ಮೋಟಾರು ದೋಣಿಯಲ್ಲಿ ನಮ್ಮನ್ನು ಕಾಡಿನ ಅಂಚಿಗೆ ದಾಟಿಸಿದಳು. ಅರವತ್ತು ದಾಟಿದವಳು, ಚುಕ್ಕಾಣಿಯನ್ನು ಮೊಣಕಾಲಿನಲ್ಲೇ ತಿರುಗಿಸುತ್ತಿದ್ದಳು. ಹತ್ತಿದ ಗಳಿಗೆಯಿಂದ ನನ್ನ ಹೆಂಡತಿಯನ್ನು ‘ಮಗಳೇ’ ಎಂದಳು.

“ಇವಳು ಮಗಳಾದ್ಮೇಲೆ ನೀನು ಅಳಿಯ,” ಎಂದು ನನ್ನ ಕಡೆ ತಿರುಗಿದಳು. “ಅಳಿಯಂದಿರಿಗೆ ಕೂತು ತಿನ್ನೋ ಅಭ್ಯಾಸ ಇರುತ್ತೆ, ನನ್ನ ದೋಣೀಲಿ ಅದು ನಡೆಯಲ್ಲ. ಹಗ್ಗ ಹಿಡ್ಕೋ.”

ಇಳಿಸುವಾಗ ಹೇಳಿದಳು: “ಹನ್ನೆರಡನೇ ದಿನ ಆಚೆ ಬದಿಯ ಅಳಿವೆಗೆ ಬರ್ತೀನಿ. ನೀರು ಏರಿದಾಗ ಮಾತ್ರ ದೋಣಿ ಒಳಗೆ ಬರುತ್ತೆ, ಸಂಜೆ ಇಳಿಯೋಕೆ ಶುರುವಾದ್ರೆ ನಿಲ್ಲಲ್ಲ. ತಪ್ಪಿಸಿಕೊಂಡ್ರೆ ಎರಡು ದಿನ ಕೋತಿಗಳ ಜೊತೆ ಸಂಸಾರ ಮಾಡಿ.”

ಹನ್ನೊಂದನೆಯ ದಿನ ನನಗೆ ಜ್ವರ ಬಂತು. ಅವತ್ತು ದಾರಿಯ ಸರದಿ ನನ್ನದಾಗಿತ್ತು. ನಡೆಯಲಾಗದೆ ಗುಡಾರದಲ್ಲೇ ಮಲಗಿದೆ. ಅವಳು ಒದ್ದೆ ಬಟ್ಟೆಯನ್ನು ಹಣೆಗಿಡುತ್ತಾ, ಮಳೆ ಕೇಳುತ್ತಾ, ದಿನವೆಲ್ಲ ಪಕ್ಕದಲ್ಲಿ ಕೂತಿದ್ದಳು. ಮರುದಿನ ಬೆಳಿಗ್ಗೆ ಜ್ವರವೂ ಇರಲಿಲ್ಲ, ಮಳೆಯೂ ಇರಲಿಲ್ಲ. ಸುಮ್ಮನೆ ಬ್ಯಾಗು ಏರಿಸಿಕೊಂಡು ಹೊರಟೆವು.

ಅಂಥ ಬೆಳಗನ್ನು ನಾನು ಕಂಡೇ ಇರಲಿಲ್ಲ. ಮರಗಳ ಬುಡದಲ್ಲಿ ಬೇರುಗಳು ಗೋಡೆಗಳ ಹಾಗೆ ಎದ್ದು ನಿಂತಿದ್ದವು, ಎರಡು ಬೇರುಗಳ ನಡುವೆ ಒಂದು ಸಂಸಾರ ಹೂಡಬಹುದಿತ್ತು. ಎತ್ತರದಲ್ಲೆಲ್ಲೋ ದೊಡ್ಡ ಹಕ್ಕಿಯೊಂದು ಹಾರಿದರೆ ಯಾರೋ ಜಮಖಾನ ಕೊಡವಿದಂತೆ ಕೇಳುತ್ತಿತ್ತು. ಮಡಚಿದ ಎಲೆಯೊಂದರಲ್ಲಿ ನಿಂತ ಮಳೆನೀರಿನೊಳಗೆ ಉಗುರಿನಷ್ಟು ಕಪ್ಪೆ. ಅವಳು ಬೆರಳು ತೋರಿಸಿದಾಗ ನಾನು ಬಾಗಿ ನೋಡುತ್ತಿದ್ದೆ, ನಾನು ತೋರಿಸಿದಾಗ ಅವಳು. ದಾರಿಯನ್ನೂ ನೋಡಿಕೊಂಡು ಇಷ್ಟೆಲ್ಲ ನೋಡಲು ಇವಳಿಗೆ ಹೇಗೆ ಸಾಧ್ಯ ಎಂದು ಬೆರಗಾಯಿತು. ಮಧ್ಯೆ ಒಮ್ಮೆ, ಕೆಂಪು ಪಟ್ಟಿ ಕಂಡು ಬಹಳ ಹೊತ್ತಾಯಿತಲ್ಲ ಅನ್ನಿಸಿತು. ಅವಳ ಮೇಲಿನ ಭರವಸೆಯಿಂದ ಸುಮ್ಮನಾದೆ.

ಮಧ್ಯಾಹ್ನ ಅವಳು ಬ್ಯಾಗು ಇಳಿಸಿ ಬುತ್ತಿ ಬಿಚ್ಚಿದಳು.

“ಇನ್ನೆಷ್ಟು ದೂರ?” ಎಂದಳು.

“ನನ್ನ ಕೇಳ್ತೀಯಾ?”

“ಮತ್ತೆ ಕಪ್ಪೆನ ಕೇಳ್ಲಾ?”

“ಇವತ್ತು ದಾರಿ ನಿಂದು. ನಿನ್ನೆ ನಂದಾಗಿತ್ತು.”

“ನಿನ್ನೆ ನೀವು ಮಲಗಿದ್ರಿ, ಪಂಡಿತರೇ. ಮಲಗಿದ್ದು ಲೆಕ್ಕಕ್ಕೆ ಬರಲ್ಲ. ನಿಮ್ಮ ಸರದಿ ಇವತ್ತಿಗೆ ಬಂತು.”

ಇಬ್ಬರೂ ಸುತ್ತ ನೋಡಿದೆವು. ಒಂದು ಮರದಲ್ಲೂ ಕೆಂಪು ಪಟ್ಟಿ ಇರಲಿಲ್ಲ. ಐದು ಗಂಟೆ ಕಾಲ ಇಬ್ಬರೂ ಕಾಡು ನೋಡಿದ್ದೆವು.

ಅವಳು ಮೊದಲು ನಕ್ಕಳು. ಆಮೇಲೆ ಮುಖ ಸಣ್ಣದಾಯಿತು. “ನಂಗೂ ಒಂದ್ಸಲ ಅನುಮಾನ ಬಂದಿತ್ತು. ಕೇಳಿದ್ರೆ ನಿನ್ನ ಮೌನ ಕೆಡುತ್ತೆ ಅಂತ ಬಾಯಿ ಮುಚ್ಕೊಂಡೆ.”

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. “ಮನೇಲೂ ಹೀಗೇ ಬಾಯಿ ಮುಚ್ಕೊಂಡಿರ್ತೀಯಾ?” ಎಂದು ಕೇಳಿದೆ.

“ಮೊದಲು ಊಟ ಮಾಡು,” ಎಂದಳು.

ನಾನು ಬಂದ ದಾರಿಯಲ್ಲೇ ತಿರುಗಿ ಹೋಗೋಣ ಎಂದೆ. ಅವಳು ಬೇಡವೆಂದು ಇಳಿಜಾರು ಹಿಡಿದಳು. ಮುಕ್ಕಾಲು ಗಂಟೆಯಲ್ಲಿ ಕಂದು ನೀರಿನ ಒಂದು ತೋಡು ಸಿಕ್ಕಿತು. ನೀರು ಹರಿಯುವ ಕಡೆಗೇ ನಾನು ಹೊರಟಿದ್ದೆ, ತೋಡೆಲ್ಲ ಕಡಲಿಗೇ ತಾನೇ ಹೋಗಬೇಕು. ಅವಳು ಕೈ ಹಿಡಿದು ನಿಲ್ಲಿಸಿದಳು. ಕುಕ್ಕರಗಾಲಲ್ಲಿ ಕೂತು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಎಲೆಯೊಂದನ್ನು ನೀರಿಗೆ ಬಿಟ್ಟು ಅದನ್ನೇ ನೋಡುತ್ತಾ ಕೂತಳು. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಅವಳು ಹೀಗೇ ಕೂರುತ್ತಾಳೇನೋ. ನಾನು ಅದನ್ನು ಒಮ್ಮೆಯೂ ಹೋಗಿ ನೋಡಿಲ್ಲ ಎಂಬುದು ಆಗ ಹೊಳೆಯಿತು.

“ಉಪ್ಪಿದೆ,” ಎಂದಳು. “ಇದು ಕಡಲಿಗೆ ಹೋಗ್ತಿರೋ ನೀರಲ್ಲ, ಕಡಲಿಂದ ಬರ್ತಿರೋದು. ಭರತ ಏರ್ತಾ ಇದೆ. ಎಲೆ ಹೋಗೋ ಕಡೆಗಲ್ಲ, ಅದಕ್ಕೆ ಎದುರಿಗೆ ನಡೀಬೇಕು.”

ನಡೆದೆವು. ಕೆಸರಿನಿಂದ ಮೇಲೆದ್ದ ಬೇರುಗಳಿಗೆ ಕಾಲು ಸಿಕ್ಕಿಸಿಕೊಳ್ಳುತ್ತಾ, ಮೊಣಕಾಲವರೆಗೆ ಹೂತು, ಒಬ್ಬರನ್ನೊಬ್ಬರು ಎಳೆದುಕೊಳ್ಳುತ್ತಾ. ಬಿಸಿಲು ಓರೆಯಾಗಿತ್ತು. ಎರಡು ಗಂಟೆಯ ಮೇಲೆ ಮರಗಳ ಸಂದಿಯಲ್ಲಿ ಬೆಳಕು ಅಗಲವಾಯಿತು, ನಂತರ ಎಂಜಿನ್ನಿನ ಸದ್ದು ಕೇಳಿತು.

ನೀರು ದಡದ ಮೇಲೊಂದು ಒದ್ದೆ ಗೆರೆ ಬಿಟ್ಟು ಒಂದು ಗೇಣು ಇಳಿದಾಗಿತ್ತು. ದೋಣಿ ಮಾತ್ರ ಇತ್ತು.

“ಹೋಗೋದ್ರಲ್ಲಿದ್ದೆ,” ಎಂದಳು ದೋಣಿಯವಳು. “ಮಗಳಿಗೋಸ್ಕರ ನಿಂತೆ. ಅಳಿಯನೊಬ್ಬನೇ ಆಗಿದ್ರೆ ಕೋತಿಗಳಿಗೆ ಕೊಟ್ಟು ಹೋಗ್ತಿದ್ದೆ.”

ಹತ್ತಿ ಕೂತೆವು. ಹೆಂಡತಿ ನನ್ನ ಕಡೆ ತಿರುಗಿದಳು. ಉತ್ತರ ಹೇಳುವ ಹೊತ್ತು ಬಂದಿತ್ತು.

“ತಾಳು,” ಎಂದೆ. “ನನ್ನ ಪ್ರಶ್ನೆ ಪಕ್ಕಕ್ಕಿಡು. ಆ ಲಾಡ್ಜಲ್ಲಿ ನೀನೇನೋ ಹೇಳೋಕೆ ಹೊರಟು ನುಂಗಿಕೊಂಡೆ. ಅದನ್ನ ಹೇಳು.”

ಅವಳು ಕೈಗಂಟಿದ ಕೆಸರು ಉಜ್ಜಿದಳು.

“ನಂಗೆ ನನ್ನ ಕೆಲಸ ಇಷ್ಟ ಕಣೋ. ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ನೀನು ಬಿಟ್ಟುಬಿಡು ಅಂದೆ, ಏನನ್ನ ಬಿಡೋದು ಅಂತ ನಿಂಗೆ ಗೊತ್ತೇ ಇಲ್ಲ. ವರ್ಷಗಟ್ಟಲೆ ನಂಗಾಗಲ್ಲ. ರಜೆ ಸಿಕ್ಕಾಗೆಲ್ಲ ಬರ್ತೀನಿ, ಎಲ್ಲಿಗಾದ್ರೂ.”

ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ತೋಡಿನ ಬದಿಯಲ್ಲಿ ಕೂತು ನಾಲಿಗೆಗೆ ನೀರು ಮುಟ್ಟಿಸಿದವಳನ್ನು ಆ ಕೆಲಸದಿಂದ ಬಿಡಿಸಿ ಕರೆದೊಯ್ಯಲು ಹೊರಟಿದ್ದೆನಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು.

“ಗೊತ್ತಿಲ್ಲ, ನಿಜ,” ಎಂದೆ. “ಹೇಳು, ಅಲ್ಲಿ ಏನು ಮಾಡ್ತೀಯ?”

ಅವಳು ನನ್ನ ಮುಖ ನೋಡಿದಳು, ನಿಜವಾಗಿ ಕೇಳಿಸಿಕೊಳ್ಳಲೆಂದೇ ಕೇಳಿದ್ದೋ ಎಂದು. ಆಮೇಲೆ ಶುರು ಮಾಡಿದಳು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆಯುವಾಗ ಕೈ ಎಷ್ಟು ಹಗುರಿರಬೇಕು, ಹೆಸರೂ ಗೊತ್ತಿಲ್ಲದ ಒಬ್ಬ ಮುದುಕನ ಕಾಯಿಲೆಯನ್ನು ಡಾಕ್ಟರಿಗಿಂತ ಮೊದಲು ತಾನೊಬ್ಬಳೇ ಕಂಡ ದಿನ ಊಟ ಸೇರದೆ ಹೋದದ್ದು. ನಾವು ಮದುವೆಯಾಗಿ ಆರು ವರ್ಷ. ಇದರಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಅವಳು ಗಂಟಲೇರಿಸಿ ಹೇಳಬೇಕಾಗುತ್ತಿತ್ತು.

“ಆ ಮುದುಕ ಬದುಕಿದ್ನಾ?” ಎಂದು ದೋಣಿಯವಳು ಹಿಂದಿನಿಂದ ಕೂಗಿ ಕೇಳಿದಳು.

“ಏನಮ್ಮಾ?”

ದೋಣಿಯವಳು ಎಂಜಿನ್ ಬಂದ್ ಮಾಡಿದಳು. ಇಳಿಯುವ ನೀರು ದೋಣಿಯನ್ನು ತಾನಾಗಿಯೇ ಕಡಲ ಕಡೆಗೆ ಒಯ್ಯುತ್ತಿತ್ತು. “ಈಗ ಹೇಳು ಮಗಳೇ,” ಎಂದಳು, “ಮೊದಲಿಂದ ಹೇಳು.”